ಬೇಯಿಸಿದ ಸೊಪ್ಪು, ಮಾಗಿದ ಸೊಪ್ಪು

ಸಿಗಾರ್ ವಿಮರ್ಶೆ ಓದಲು ಕೂತರೆ ಮೊದಲು ಸಿಗುವುದು ರುಚಿಗಳ ಪಟ್ಟಿ. ಚರ್ಮ, ಕೋಕೋ, ಸೀಡರ್ ಮರ, ಕಾಳುಮೆಣಸು, ಒಣದ್ರಾಕ್ಷಿ. ಪಟ್ಟಿ ಸುಳ್ಳೇನಲ್ಲ. ಆ ರುಚಿಗಳು ಇರುತ್ತವೆ. ಆದರೆ ಅದನ್ನು ಓದಿ ಸಿಗಾರ್ ಚೆನ್ನಾಗಿದೆಯೋ ಇಲ್ಲವೋ ಹೇಳುವುದಕ್ಕೆ ಬರುವುದಿಲ್ಲ. ಕಾಳುಮೆಣಸಿನ ಖಾರ ಒಳ್ಳೆಯ ಸಿಗಾರಿನಲ್ಲೂ ಇರುತ್ತದೆ, ಇನ್ನೂ ಹಸಿಯಾಗಿರುವ ಸಿಗಾರಿನಲ್ಲೂ ಇರುತ್ತದೆ. ನಾನು ಹುಡುಕುವುದು ಒಂದೇ. ಈ ಹೊಗೆಸೊಪ್ಪಿಗೆ ಬೇಕಾದಷ್ಟು ಕಾಲ ಕೊಟ್ಟಿದ್ದಾರಾ, ಇಲ್ಲಾ ಅವಸರ ಮಾಡಿದ್ದಾರಾ? ಹಚ್ಚುವ ಮುಂಚೆಯಿಂದ ಕೊನೆಯ ತುಂಡಿನವರೆಗೆ ನನ್ನ ಗಮನವೆಲ್ಲ ಅದರ ಮೇಲೆಯೇ.

ಹೀಗೆ ನೋಡುವುದಕ್ಕೆ ಕಾರಣ ನಮ್ಮ ಮನೆ. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವವರು ನಾವು. ಹುಣಸೂರು, ಎಚ್.ಡಿ. ಕೋಟೆ, ಪಿರಿಯಾಪಟ್ಟಣ ಸುತ್ತಮುತ್ತ ಹೊಲದ ಪಕ್ಕದಲ್ಲಿ ಎತ್ತರದ ಗೋಡೆಯ, ಕಿಟಕಿಯೇ ಇಲ್ಲದಂತೆ ಕಾಣುವ ಕಟ್ಟಡಗಳನ್ನು ನೋಡಿರುತ್ತೀರಿ. ಅವೇ ಬ್ಯಾರನ್‌ಗಳು. ಗಿಡದ ಬುಡದ ಎಲೆ ಮೊದಲು ಬಲಿಯುತ್ತದೆ. ಹಾಗಾಗಿ ಕೆಳಗಿನಿಂದ ಮುರಿಯುತ್ತಾ, ಕೆಲವು ದಿನ ಬಿಟ್ಟು ಇನ್ನೊಂದು ಸುತ್ತು ಮುರಿಯುತ್ತಾ ಮೇಲಕ್ಕೆ ಹೋಗುವುದು. ಮುರಿದವರ ಕೈಗೆ ಅಂಟು ಹತ್ತಿ ಕಪ್ಪಾಗಿ ಕೂರುತ್ತದೆ. ಸೋಪು ಹಾಕಿ ಎಷ್ಟು ಉಜ್ಜಿದರೂ ಬೆರಳಿನ ಸಂದಿಯಲ್ಲಿ ಉಳಿಯುತ್ತದೆ, ಊಟದ ಅನ್ನವೂ ಕಹಿ ಅನ್ನಿಸುತ್ತದೆ. ಮಳೆಯಲ್ಲಿ ನೆನೆದ ಸೊಪ್ಪು ಮುರಿದ ದಿನ ಕೆಲವರಿಗೆ ತಲೆಸುತ್ತು, ವಾಂತಿ. ಚರ್ಮದ ಮೂಲಕವೇ ನಿಕೋಟಿನ್ ಒಳಗೆ ಹೋಗುತ್ತದೆ.

ಕಡ್ಡಿಗೆ ಕಟ್ಟಿದ ಸೊಪ್ಪನ್ನು ಬ್ಯಾರನ್ ಒಳಗೆ ಏರಿಸಿ, ಸೌದೆ ಹಾಕಿ ಬೇಯಿಸುವುದು ಐದಾರು ದಿನ. ಮೊದಲು 35 ಡಿಗ್ರಿ ಆಸುಪಾಸಿನಲ್ಲಿ ಎಲೆ ಹಳದಿಗೆ ತಿರುಗಬೇಕು. ಆಮೇಲೆ ನಿಧಾನಕ್ಕೆ ಬಿಸಿ ಏರಿಸಬೇಕು. ಕೊನೆಗೆ ನಡುನರ ಒಣಗಲು 70ರ ಹತ್ತಿರ ಹೋಗಬೇಕು. ಒಂದು ಹಂತದಲ್ಲಿ ಅವಸರ ಮಾಡಿದರೆ ಎಲೆ ಹಸಿರಾಗಿಯೇ ಉಳಿಯುತ್ತದೆ. ತಡ ಮಾಡಿದರೆ ಕಂದಾಗುತ್ತದೆ. ಅಪ್ಪ ರಾತ್ರಿ ಎದ್ದು ಥರ್ಮಾಮೀಟರ್ ನೋಡಿ, ಒಲೆಗೆ ಸೌದೆ ನೂಕಿ ಬಂದು ಮಲಗುತ್ತಿದ್ದರು. ಅವರು ಒಂದು ದಿನವೂ ಸಿಗರೇಟು ಮುಟ್ಟಿದವರಲ್ಲ. ಆದರೆ ಬಾಗಿಲು ತೆಗೆದ ಕೂಡಲೇ ಬರುವ ವಾಸನೆಯಿಂದಲೇ ಒಳಗಿನ ಸೊಪ್ಪಿನ ಹದ ಹೇಳುತ್ತಿದ್ದರು.

ಸೊಪ್ಪಿಗೆ ಬೆಲೆ ಕಟ್ಟುವುದನ್ನು ನಾನು ಮೊದಲು ನೋಡಿದ್ದು ಹರಾಜು ಮಾರುಕಟ್ಟೆಯಲ್ಲಿ. ಸಾಲಾಗಿ ಬೇಲ್‌ಗಳು. ಕೊಳ್ಳುವವರು ನಡೆಯುತ್ತಾ ಬರುತ್ತಾರೆ, ಒಂದು ಹಿಡಿ ಎಳೆಯುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ, ಹಿಸುಕುತ್ತಾರೆ, ಮುಂದೆ ಹೋಗುತ್ತಾರೆ. ವರ್ಷದ ದುಡಿಮೆಗೆ ಕೆಲವೇ ಸೆಕೆಂಡಿನಲ್ಲಿ ಬೆಲೆ ಬೀಳುತ್ತದೆ. ಆ ಕೆಲವು ಸೆಕೆಂಡಿನಲ್ಲಿ ಅವರು ನೋಡುತ್ತಿದ್ದದ್ದು ಏನು ಅನ್ನುವುದು ನನಗೆ ಪೂರ್ತಿ ಅರ್ಥವಾಗಿದ್ದು ಎಷ್ಟೋ ವರ್ಷ ಆದ ಮೇಲೆ, ಸಿಗಾರ್ ಕೈಗೆ ಬಂದಾಗ. ಬಣ್ಣ, ಮೈ, ಬಾಗುವ ಗುಣ, ವಾಸನೆ. ಸಿಗಾರ್ ಹಚ್ಚುವ ಮುಂಚೆ ನೋಡಬೇಕಾದ್ದೂ ಇಷ್ಟೇ.

ಆದರೆ ನಮ್ಮ ಸೊಪ್ಪಿಗೂ ಸಿಗಾರಿನ ಸೊಪ್ಪಿಗೂ ದೊಡ್ಡ ವ್ಯತ್ಯಾಸ ಒಂದಿದೆ. ಗಿಡ ಒಂದೇ ಜಾತಿ. ಬೇರೆಯಾಗುವುದು ತಳಿಯಿಂದ, ಮಣ್ಣಿನಿಂದ, ಎಲ್ಲಕ್ಕಿಂತ ಜಾಸ್ತಿ ಒಣಗಿಸುವ ರೀತಿಯಿಂದ. ನಮ್ಮ ವರ್ಜೀನಿಯಾ ಸೊಪ್ಪನ್ನು ಬಿಸಿ ಗಾಳಿಯಲ್ಲಿ ಬೇಗ ಬೇಯಿಸುವುದರಿಂದ ಎಲೆಯ ಪಿಷ್ಟ ಸಕ್ಕರೆಯಾಗಿ, ಆ ಸಕ್ಕರೆ ಹಾಗೇ ಉಳಿಯುತ್ತದೆ. ಸಕ್ಕರೆ ಇರುವ ಸೊಪ್ಪಿನ ಹೊಗೆ ಸ್ವಲ್ಪ ಆಮ್ಲೀಯ. ಗಂಟಲಿಗೆ ಮೆತ್ತಗೆ. ಅದರ ನಿಕೋಟಿನ್ ಬಾಯಲ್ಲಿ ಹೆಚ್ಚು ಇಳಿಯುವುದಿಲ್ಲ, ಶ್ವಾಸಕೋಶಕ್ಕೆ ಎಳೆಯಬೇಕು. ಸಿಗರೇಟು ಆಗಿದ್ದೇ ಹಾಗೆ. ಸಿಗಾರಿನ ಸೊಪ್ಪನ್ನು ಬರೀ ಗಾಳಿಗೆ ನೇತು ಹಾಕಿ ವಾರಗಟ್ಟಲೆ ಒಣಗಿಸುತ್ತಾರೆ. ಎಲೆ ನಿಧಾನಕ್ಕೆ ಸಾಯುತ್ತಾ ತನ್ನ ಸಕ್ಕರೆಯನ್ನೆಲ್ಲ ತಾನೇ ತಿಂದು ಮುಗಿಸುತ್ತದೆ. ಅದರ ಹೊಗೆ ಕ್ಷಾರೀಯ. ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ಇಳಿಯುತ್ತದೆ. ಹಾಗಾಗಿಯೇ ಸಿಗಾರ್ ಹೊಗೆಯನ್ನು ಒಳಗೆ ಎಳೆಯುವುದಿಲ್ಲ. ಬಾಯಲ್ಲಿ ತುಂಬಿಸಿ, ಸುತ್ತಾಡಿಸಿ ಬಿಡುವುದು. ಕೆಲಸವೆಲ್ಲ ನಾಲಿಗೆಯದು, ಮೂಗಿನದು.

ಸಿಗಾರ್ ಸೊಪ್ಪಿಗೆ ಹೆಸರಾದ ಜಾಗ ಕ್ಯೂಬಾದ ಪಶ್ಚಿಮದ ತುದಿಯ ಪಿನಾರ್ ದೆಲ್ ರಿಯೋ ಪ್ರಾಂತ್ಯ. ಅದರೊಳಗೆ ವುಯೆಲ್ತಾ ಅಬಾಹೋ. ಅದರಲ್ಲೂ ಸಾನ್ ಲೂಯಿಸ್, ಸಾನ್ ಹುವಾನ್ ಇ ಮಾರ್ತೀನೆಸ್ ಊರುಗಳ ಸುತ್ತಲಿನ ಕೆಂಪು ಮರಳು ಮಣ್ಣು. ಸಿಗಾರಿನ ಹೊರಗೆ ಸುತ್ತುವ ಎಲೆಯನ್ನು ತೆಳು ಬಟ್ಟೆಯ ಚಪ್ಪರದ ಕೆಳಗೆ ಬೆಳೆಯುತ್ತಾರೆ. ಬಿಸಿಲು ಸೋಸಿ ಬೀಳುವುದರಿಂದ ಎಲೆ ಅಗಲವಾಗಿ, ತೆಳ್ಳಗೆ ಬರುತ್ತದೆ. ಅಲ್ಲೂ ಬುಡದಿಂದ ಮುರಿಯುತ್ತಾ ಮೇಲೆ ಹೋಗುವುದೇ. ಒಣಗಿಸುವ ಮನೆಗಳನ್ನು ಪೂರ್ವ ಪಶ್ಚಿಮ ಉದ್ದಕ್ಕೆ ಕಟ್ಟುತ್ತಾರೆ. ಬೆಳಗಿನ ಬಿಸಿಲು ಒಂದು ತುದಿಗೆ, ಸಂಜೆಯದು ಇನ್ನೊಂದು ತುದಿಗೆ ಮಾತ್ರ ಬೀಳಲಿ ಅಂತ. ಒಳಗೆ ಸುಮಾರು 50 ದಿನ ಎಲೆ ನೇತಾಡುತ್ತದೆ. ಗಾಳಿ ಒಣಗಿದ್ದರೆ ಬಾಗಿಲು ಮುಚ್ಚುತ್ತಾರೆ, ತೇವ ಜಾಸ್ತಿಯಾದರೆ ತೆಗೆಯುತ್ತಾರೆ. 2022ರ ಸೆಪ್ಟೆಂಬರ್‌ನಲ್ಲಿ ಇಯಾನ್ ಚಂಡಮಾರುತ ಆ ಪ್ರಾಂತ್ಯಕ್ಕೆ ಬಡಿದಾಗ ಇಂಥ ಸಾವಿರಾರು ಮನೆಗಳು ನೆಲಕ್ಕೆ ಬಿದ್ದವು. ಆ ಚಿತ್ರಗಳನ್ನು ನೋಡಿದಾಗ ನನಗೆ ಸಂಕಟವಾಯಿತು. ಬ್ಯಾರನ್ ಬಿದ್ದ ರೈತನ ವರ್ಷ ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಯಾರೂ ವಿವರಿಸಬೇಕಿಲ್ಲ.

ಒಣಗಿದ ಮೇಲೆ ಅಸಲಿ ಕೆಲಸ. ಎಲೆಗಳಿಗೆ ತೇವ ಕೊಟ್ಟು ರಾಶಿ ಹಾಕುತ್ತಾರೆ. ತಿಪ್ಪೆಯೊಳಗೆ ಕೈ ಇಟ್ಟರೆ ಬೆಚ್ಚಗಿರುತ್ತದಲ್ಲ, ಹಾಗೆ ರಾಶಿಯ ಒಳಗೆ ಬಿಸಿ ತಾನಾಗಿ ಏರುತ್ತದೆ. ಅಮೋನಿಯಾ ಹೊರಗೆ ಹೋಗುತ್ತದೆ. ಒಗರು ಇಳಿಯುತ್ತದೆ, ನಿಕೋಟಿನ್ ಕೂಡ ಸ್ವಲ್ಪ ಇಳಿಯುತ್ತದೆ. ಬಿಸಿ ಮಿತಿ ಮೀರಿದರೆ ರಾಶಿ ಬಿಚ್ಚಿ, ಒಳಗಿನದನ್ನು ಹೊರಗೆ ಹಾಕಿ ಮತ್ತೆ ಕಟ್ಟುತ್ತಾರೆ. ಇದೆಲ್ಲ ಮುಗಿದ ಮೇಲೂ ಎಲೆ ಮೂಟೆಯಲ್ಲಿ ಕಾಯುತ್ತದೆ. ಗಿಡದ ತಲೆಯ ಭಾಗದ ದಪ್ಪ, ಗಾಢ ಎಲೆಗೆ ಲಿಹೇರೋ ಅನ್ನುತ್ತಾರೆ. ಅದಕ್ಕೆ ಕನಿಷ್ಠ 2 ವರ್ಷ. ನಡುವಿನ ಸೇಕೋಗೆ, ಬುಡದ ವೊಲಾದೋಗೆ ಅದಕ್ಕಿಂತ ಕಡಿಮೆ. ನಮ್ಮ ಬ್ಯಾರನ್‌ನ ಐದಾರು ದಿನ ಒಂದು ಕಡೆ, ಈ ಎರಡು ಮೂರು ವರ್ಷ ಇನ್ನೊಂದು ಕಡೆ. ದುಬಾರಿ ಸಿಗಾರಿಗೆ ನಾವು ಕೊಡುವ ದುಡ್ಡಿನಲ್ಲಿ ಈ ಕಾಯುವಿಕೆಯ ಪಾಲು ದೊಡ್ಡದು. ಅದಕ್ಕೇ ಅದು ನಿಜವಾಗಿ ಸಿಕ್ಕಿದೆಯಾ ಅಂತ ನೋಡುವುದು.

ಈಗ ಕೈಯಲ್ಲಿರುವ ಸಿಗಾರಿಗೆ ಬರೋಣ. ಪಾರ್ತಾಗಾಸ್ ಸೀರೀ ಡಿ ನಂಬರ್ 4. ಪಾರ್ತಾಗಾಸ್ 1845ರಲ್ಲಿ ಹವಾನಾದಲ್ಲಿ ಶುರುವಾದ ಹೆಸರು. ಅವರ ಹಳೆಯ ಕಾರ್ಖಾನೆಯ ಕಟ್ಟಡ ಇವತ್ತಿಗೂ ಅಲ್ಲಿನ ದೊಡ್ಡ ಗುಮ್ಮಟದ ಕಟ್ಟಡ ಕಪಿತೋಲಿಯೋ ಹಿಂದೆಯೇ ಇದೆ. ಈ ಸಿಗಾರ್ 124 ಮಿಲಿಮೀಟರ್ ಉದ್ದ. ದಪ್ಪವನ್ನು ಸಿಗಾರ್ ಲೋಕದಲ್ಲಿ ಇಂಚಿನ 64ನೇ ಒಂದು ಭಾಗದ ಲೆಕ್ಕದಲ್ಲಿ ಹೇಳುತ್ತಾರೆ, ಇದು 50. ಅಂದರೆ ಹತ್ತಿರ ಹತ್ತಿರ 2 ಸೆಂಟಿಮೀಟರ್. ಈ ಗಿಡ್ಡ ದಪ್ಪ ಅಳತೆಗೆ ರೊಬುಸ್ಟೋ ಅಂತ ಹೆಸರು. ಸ್ನೇಹಿತ ಮ್ಯಾಡ್ರಿಡ್‌ನಿಂದ ಬರುವಾಗ 10ರ ಪೆಟ್ಟಿಗೆ ತಂದುಕೊಟ್ಟ. ಪೆಟ್ಟಿಗೆಯ ತಳದಲ್ಲಿ ತಯಾರಾದ ತಿಂಗಳು, ವರ್ಷದ ಮುದ್ರೆ ಇರುತ್ತದೆ. ತಿಂಗಳಿಗೆ ಸ್ಪ್ಯಾನಿಷ್‌ನ ಮೂರಕ್ಷರ. ನಾನು ಎಲ್ಲಕ್ಕಿಂತ ಮೊದಲು ನೋಡುವುದು ಅದನ್ನೇ. ಇದಕ್ಕೆ ಇನ್ನೂ ಎರಡು ವರ್ಷ ಆಗಿಲ್ಲ.

ಬಂದ ತಕ್ಷಣ ಹಚ್ಚಲಿಲ್ಲ. ವಿಮಾನದಲ್ಲಿ, ಸೂಟ್‌ಕೇಸಿನಲ್ಲಿ ಒಣಗಿರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ 65 ಪರ್ಸೆಂಟ್ ತೇವಾಂಶ ಕಾಯುವ ಪ್ಯಾಕೆಟ್ ಹಾಕಿ ಕೆಲವು ವಾರ ಇಟ್ಟೆ. ನಮ್ಮ ಮೈಸೂರಿನಲ್ಲಿ ಇದು ಬೇಕೇ ಬೇಕು. ಮಾರ್ಚ್ ಮಧ್ಯಾಹ್ನ ಗಾಳಿ ಒಣಗಿ ಎಲೆ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಬೂಷ್ಟು. ಇನ್ನೊಂದು ಕಾಟ ಹುಳ. ಒಣ ಸೊಪ್ಪನ್ನು ಕೊರೆಯುವ ಆ ಸಣ್ಣ ಕಂದು ಹುಳ ಹವಾನಾ ಸಿಗಾರನ್ನೂ ಬಿಡುವುದಿಲ್ಲ, ದಾಸ್ತಾನಿನ ಬೇಲನ್ನೂ ಬಿಡುವುದಿಲ್ಲ. ಬೇಸಿಗೆಯ ಸೆಕೆಯಲ್ಲಿ ಮೊಟ್ಟೆ ಒಡೆದು ಹೊರಗೆ ಬರುತ್ತದೆ. ಹಾಗಾಗಿ ಡಬ್ಬಿ ಇಡುವುದು ಮನೆಯ ತಂಪಾದ ಮೂಲೆಯಲ್ಲಿ.

ಬೆಳಕಿಗೆ ಹಿಡಿದು ನೋಡಿದೆ. ಕೆಂಪು ಮಿಶ್ರಿತ ಕಂದು ಬಣ್ಣ. ಎಣ್ಣೆಯ ತೆಳು ಹೊಳಪು. ನರಗಳು ಸಣ್ಣವು, ಆದರೆ ಒಂದು ನರ ಹೆಸರು ಅಚ್ಚಾದ ಕಾಗದದ ಉಂಗುರದ ಕೆಳಗಿನಿಂದ ತುದಿಯವರೆಗೆ ಎದ್ದು ಕಾಣುತ್ತಿತ್ತು. ಇದನ್ನು ನಾನು ದೋಷ ಅಂತ ಲೆಕ್ಕ ಹಾಕುವುದಿಲ್ಲ. ಬೆರಳಿನಿಂದ ಉದ್ದಕ್ಕೂ ಮೆಲ್ಲಗೆ ಒತ್ತುತ್ತಾ ಹೋದೆ. ಎಲ್ಲ ಕಡೆ ಒಂದೇ ಥರ ಒತ್ತಿ, ಒಂದೇ ಥರ ಎದ್ದು ಬರಬೇಕು. ಗಟ್ಟಿ ಗಂಟು ಸಿಕ್ಕರೆ ಅಲ್ಲಿ ಎಲೆ ತಿರುಚಿಕೊಂಡಿದೆ ಅಂತ, ಮೆತ್ತಗಿದ್ದರೆ ಸೊಪ್ಪು ಕಡಿಮೆ ತುಂಬಿದ್ದಾರೆ ಅಂತ. ಇದರಲ್ಲಿ ಎರಡೂ ಇರಲಿಲ್ಲ. ಹಚ್ಚುವ ತುದಿಯನ್ನು ಮೂಗಿನ ಹತ್ತಿರ ತಂದರೆ ಒಣಹುಲ್ಲು, ಸ್ವಲ್ಪ ಕೊಟ್ಟಿಗೆ, ಅದರ ಹಿಂದೆ ಒಣದ್ರಾಕ್ಷಿಯ ಸಿಹಿ. ಅಮೋನಿಯಾ ಇದೆಯಾ ಅಂತ ಮತ್ತೆ ಮತ್ತೆ ಹುಡುಕಿದೆ. ತುಸು ಇತ್ತು. ಪೂರ್ತಿ ಹೋಗಿರಲಿಲ್ಲ.

ಮುಚ್ಚಿದ ತುದಿಯಲ್ಲಿ ಟೋಪಿಯಂತೆ ಅಂಟಿಸಿದ ಎಲೆ ಇರುತ್ತದೆ. ಅದರ ಗೆರೆಗಿಂತ ಮೇಲೆಯೇ ಕತ್ತರಿಸಬೇಕು. ಕೆಳಗೆ ಹೋದರೆ ಹೊರ ಎಲೆ ಬಿಚ್ಚಿಕೊಳ್ಳುತ್ತದೆ. ಕತ್ತರಿಸಿ, ಹಚ್ಚದೆ ಸುಮ್ನೆ ಎಳೆದು ನೋಡಿದೆ. ಗಾಳಿ ಬಂತು, ತುಸು ತಡೆಯೂ ಇತ್ತು. ಆ ತುಸು ತಡೆ ಬೇಕು. ಸಲೀಸಾಗಿ ಬಂದರೆ ಬಿಸಿಯಾಗಿ ಉರಿದು ಕಹಿಯಾಗುತ್ತದೆ. ಬಿಗಿಯಾಗಿದ್ದರೆ ಹೊಗೆಯೇ ಬರುವುದಿಲ್ಲ. ಅಂಥ ಬಿಗಿ ಸಿಗಾರುಗಳು 2000ದ ಆಸುಪಾಸಿನಲ್ಲಿ ಕ್ಯೂಬಾದ ದೊಡ್ಡ ತಲೆನೋವಾಗಿದ್ದವು. ಆಮೇಲೆ ಕಾರ್ಖಾನೆಗಳಿಗೆ ಗಾಳಿಯ ತಡೆ ಅಳೆಯುವ ಯಂತ್ರ ಬಂತು. ಎಷ್ಟೇ ಒಳ್ಳೆಯ ಸೊಪ್ಪಾದರೂ ಸುತ್ತಿದವರ ಕೈ ತಪ್ಪಿದರೆ ಅದರ ರುಚಿ ನಮ್ಮ ಬಾಯಿಗೆ ತಲುಪುವುದಿಲ್ಲ. ಅದಕ್ಕೇ ನನ್ನ ಲೆಕ್ಕದಲ್ಲಿ ಎಳೆತ ಮೊದಲು, ರುಚಿ ಆಮೇಲೆ.

ಕಡ್ಡಿ ಗೀರಿದರೆ ಗಂಧಕದ ವಾಸನೆ ಹೋಗುವವರೆಗೆ ತಡೆಯಬೇಕು. ಬಾಯಿಗೆ ಇಡದೆ, ಜ್ವಾಲೆಗೆ ತಾಗಿಸದೆ, ತುದಿಯನ್ನು ತಿರುಗಿಸುತ್ತಾ ಕಾಯಿಸುವುದು. ಅಂಚು ಸುತ್ತಲೂ ಕೆಂಪಾದ ಮೇಲೆ ಮೊದಲ ಎಳೆತ. ಆಮೇಲೆ ನಿಮಿಷಕ್ಕೆ ಒಂದು ಸಲ ಸಾಕು. ಬೇಗ ಬೇಗ ಎಳೆದರೆ ಒಳಗಿನ ಕೆಂಡ ಜಾಸ್ತಿ ಕಾದು, ಮೂರು ವರ್ಷದ ಕೆಲಸ ಐದು ನಿಮಿಷದಲ್ಲಿ ಹಾಳು.

ಫ್ರೆಂಚರಲ್ಲಿ ಒಂದು ಹಳೆಯ ಮಾತಿದೆ. ಸಿಗಾರಿನ ಮೊದಲ ಭಾಗ ಹುಲ್ಲು, ನಡುವಿನದು ದೈವ, ಕೊನೆಯದು ಗೊಬ್ಬರ ಅಂತ. ಡಿ 4ರ ಮೊದಲ ಭಾಗ ಹುಲ್ಲಿನಷ್ಟು ಸಪ್ಪೆ ಅಲ್ಲ. ಕಾಳುಮೆಣಸು ನೇರವಾಗಿ ನಾಲಿಗೆಯ ತುದಿಗೆ ಬಂತು. ಬಾಯಲ್ಲಿದ್ದ ಹೊಗೆಯನ್ನು ಸ್ವಲ್ಪ ಮೂಗಿನಿಂದ ಬಿಟ್ಟೆ. ಶ್ವಾಸಕೋಶಕ್ಕೆ ಇಳಿಸದೆ, ಬಾಯಿಂದ ಮೇಲಕ್ಕೆ ತಳ್ಳಿ ಮೂಗಿನಲ್ಲಿ ಹೊರಗೆ. ಸಿಗಾರ್ ಅಳೆಯುವವರು ಇದನ್ನು ಕಲಿಯಲೇಬೇಕು. ನಾಲಿಗೆಗೆ ಸಿಗುವುದು ಉಪ್ಪು, ಸಿಹಿ, ಕಹಿ, ಹುಳಿಯಂಥ ಕೆಲವೇ ರುಚಿ. ಉಳಿದದ್ದೆಲ್ಲ ಮೂಗಿನ ಪಾಲು. ಸರಿಯಾಗಿ ಮಾಗಿದ ಸೊಪ್ಪಾದರೆ ಮೂಗಿನಲ್ಲಿ ಖಾರ ಇದ್ದರೂ ಚುಚ್ಚುವುದಿಲ್ಲ. ಇದು ಚುಚ್ಚಿತು. ಕಣ್ಣಲ್ಲಿ ನೀರು ಬರುವಷ್ಟು ಘಾಟು. ಡಬ್ಬಿಯಿಂದ ತೆಗೆದಾಗ ಮೂಗಿಗೆ ಸಿಕ್ಕಿದ್ದ ಅಮೋನಿಯಾದ ಸುಳಿವು ಇಲ್ಲಿ ಖಾತ್ರಿಯಾಯಿತು.

ನಡುವಿನ ಭಾಗಕ್ಕೆ ಬರುವಾಗ ಘಾಟು ತಗ್ಗಿತು. ಇಲ್ಲಿ ಈ ಸಿಗಾರ್ ಯಾಕೆ ಇಷ್ಟು ಜನಕ್ಕೆ ಇಷ್ಟ ಅನ್ನುವುದು ಗೊತ್ತಾಗುತ್ತದೆ. ಹುರಿದ ಕಾಫಿ ಬೀಜ, ಸಕ್ಕರೆ ಹಾಕದ ಕೋಕೋ, ಮೊದಲ ಮಳೆ ಬಿದ್ದ ಹೊಲದ ಮಣ್ಣು. ತುಟಿಯ ಮೇಲೆ ಸಣ್ಣ ಉಪ್ಪು. ಒಂದೊಂದು ಎಳೆತಕ್ಕೆ ಒಂದೊಂದು ಮುಂದೆ ಬರುತ್ತದೆ, ಇನ್ನೊಂದು ಹಿಂದೆ ಸರಿಯುತ್ತದೆ. ಈ ಓಡಾಟಕ್ಕೆ ನಾನು ಅತಿ ಹೆಚ್ಚು ಬೆಲೆ ಕೊಡುತ್ತೇನೆ. ಮೊದಲಿಂದ ಕೊನೆವರೆಗೆ ಒಂದೇ ರುಚಿ ಕೊಡುವ ಸಿಗಾರ್ ಎಷ್ಟೇ ಸೊಗಸಾಗಿರಲಿ, ಅದರಲ್ಲಿ ಹದವಾಗಿ ಬೆರೆಸಿದವರ ಕೈ ಕಾಣುವುದಿಲ್ಲ. ಲಿಹೇರೋ ನಿಧಾನಕ್ಕೆ ಉರಿಯುತ್ತದೆ ಅಂತ ಅದನ್ನು ನಟ್ಟನಡುವೆ ಇಟ್ಟು, ಸುತ್ತ ಸೇಕೋ, ಚೆನ್ನಾಗಿ ಉರಿಯುವ ವೊಲಾದೋ ಸೇರಿಸಿ ಕಟ್ಟುತ್ತಾರೆ. ಆ ಜೋಡಣೆ ಸರಿ ಇದ್ದರೆ ಉರಿಯುವ ಗೆರೆ ಸುತ್ತಲೂ ಸಮವಾಗಿ ಇಳಿಯುತ್ತದೆ. ಇದರಲ್ಲಿ ಒಂದು ಬದಿ ತುಸು ಹಿಂದೆ ಬಿತ್ತು. ಬೆಂಕಿ ತಾಗಿಸಬೇಕಾಗಲಿಲ್ಲ, ತಾನೇ ಸರಿಯಾಯಿತು. ಬೂದಿ ಬೆರಳಿನ ಗೆಣ್ಣಿನಷ್ಟು ಉದ್ದ ನಿಂತಿತ್ತು. ಉದ್ದ ನಿಂತರೆ ಒಳಗೆ ಪುಡಿ ಇಲ್ಲ, ಇಡೀ ಎಲೆ ಇದೆ ಅಂತ ಅರ್ಥ. ಬೂದಿ ಬೆಳ್ಳಗಿದ್ದರೆ ಸಿಗಾರ್ ಒಳ್ಳೆಯದು ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಬೂದಿಯ ಬಣ್ಣ ಮಣ್ಣಿನ ಖನಿಜದ್ದು.

ಕೊನೆಯ ಭಾಗದಲ್ಲಿ ಬಲ ಏರಿತು. ಹೊಗೆ ಉದ್ದಕ್ಕೂ ಹಾದು ಬರುವಾಗ ತೈಲ, ನಿಕೋಟಿನ್ ಉಳಿದ ಸೊಪ್ಪಿನಲ್ಲಿ ಕೂತಿರುತ್ತದೆ. ಹಸಿದ ಹೊಟ್ಟೆಯಲ್ಲಿ ಸೇದಿದವರಿಗೆ ಇಲ್ಲಿ ಬೆವರು, ತಲೆಸುತ್ತು ಶುರುವಾಗುತ್ತದೆ. ಊಟ ಆದ ಮೇಲೆಯೇ ಹಚ್ಚಬೇಕು ಅನ್ನುವುದು ಇದಕ್ಕೆ. ಕಾಫಿಯ ಕಹಿ ಹೋಗಿ ಬರೀ ಕಹಿ ಉಳಿದಾಗ ಕೆಳಗಿಟ್ಟೆ. ಒತ್ತಿ ನಂದಿಸಬಾರದು, ಕೆಟ್ಟ ವಾಸನೆ ಬರುತ್ತದೆ. ತಾನಾಗಿ ಆರಲಿ. ಎಲ್ಲ ಸೇರಿ ಸುಮಾರು ಒಂದು ಗಂಟೆ.

ಇಲ್ಲೊಂದು ಮಾತು ನೇರವಾಗಿ ಹೇಳಬೇಕು. ಹೊಗೆ ಒಳಗೆ ಎಳೆಯುವುದಿಲ್ಲ, ಹಾಗಾಗಿ ಅಪಾಯ ಇಲ್ಲ ಅಂತ ಸಿಗಾರ್ ಸೇದುವ ಎಷ್ಟೋ ಜನ ನಂಬಿದ್ದಾರೆ. ಅದು ನಿಜವಲ್ಲ. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿಗೆ ಸಿಗಾರ್ ಕಾರಣವಾಗುತ್ತದೆ. ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಸೊಪ್ಪು ಎಷ್ಟು ಚೆನ್ನಾಗಿ ಮಾಗಿದ್ದರೂ ಇದು ಬದಲಾಗುವುದಿಲ್ಲ. ಹಾಗಾಗಿ ನನಗೆ ಇದು ಅಪರೂಪದ ಸಂಜೆಯ ವಿಷಯ. ಮಹಡಿಯ ಮೇಲೆ, ಮಕ್ಕಳು ಹತ್ತಿರ ಇಲ್ಲದಾಗ. ಸೇದದೆ ಇರುವವರಿಗೆ ಶುರು ಮಾಡಿ ಅಂತ ನಾನು ಯಾವತ್ತೂ ಹೇಳುವುದಿಲ್ಲ.

ಅಂಕ ಕೊಡುವ ಪದ್ಧತಿ ಬಗ್ಗೆಯೂ ಸ್ವಲ್ಪ. 1992ರಲ್ಲಿ ಅಮೆರಿಕದಲ್ಲಿ ಶುರುವಾದ ಸಿಗಾರ್ ಅಫಿಶಿಯನಾಡೋ ಪತ್ರಿಕೆ 100ಕ್ಕೆ ಇಷ್ಟು ಅಂತ ಅಂಕ ಕೊಡುತ್ತದೆ. ಉಂಗುರ ತೆಗೆದು, ಯಾವ ಸಿಗಾರ್ ಅಂತ ಗೊತ್ತಾಗದ ಹಾಗೆ ಸೇದಿಸಿ ಅಳೆಯುತ್ತಾರೆ. ಉಂಗುರ ತೆಗೆಯುವುದು ಬಹಳ ಸರಿ. ಚಿನ್ನದ ಬಣ್ಣದ ಉಂಗುರ ನೋಡಿದ ಕೂಡಲೇ ನಾಲಿಗೆ ಅರ್ಧ ತೀರ್ಪು ಬರೆದುಬಿಟ್ಟಿರುತ್ತದೆ, ಅಲ್ವಾ? 2022ರಲ್ಲಿ ಕ್ಯೂಬಾದ ದುಬಾರಿ ಸಿಗಾರ್ ಕೊಹೀಬಾದ ಬೆಲೆಯನ್ನು ಜಗತ್ತಿನ ಎಲ್ಲ ಕಡೆ ಒಂದೇ ಮಟ್ಟಕ್ಕೆ ತಂದು ಒಮ್ಮೆಲೇ ಏರಿಸಿದರು. ಸೊಪ್ಪು ಹಿಂದಿನ ವರ್ಷದ್ದೇ. ಬೆಲೆಯಿಂದ ಗುಣ ಅಳೆಯುವವರು ಆ ಒಂದು ವರ್ಷವನ್ನು ನೆನಪಿಟ್ಟುಕೊಂಡರೆ ಸಾಕು. ಆದರೆ ಒಂದು ಸಂಖ್ಯೆಯಲ್ಲಿ ನನಗೆ ಬೇಕಾದ್ದು ಸಿಗುವುದಿಲ್ಲ. ಇವತ್ತು ಘಾಟು ಇರುವ ಸಿಗಾರ್ ಮೂರು ವರ್ಷ ಬಿಟ್ಟರೆ ಏನಾಗಬಹುದು ಅನ್ನುವುದು 100ರೊಳಗಿನ ಯಾವ ಅಂಕದಲ್ಲೂ ಕಾಣುವುದಿಲ್ಲ.

ಹೋಲಿಕೆಗೆ ಪಾದ್ರೋನ್ 1964 ಆನಿವರ್ಸರಿ ಅನ್ನುವ ಸಿಗಾರ್ ತೆಗೆದುಕೊಳ್ಳಿ. 1959ರ ಕ್ರಾಂತಿಯ ನಂತರ ಕ್ಯೂಬಾ ಸರ್ಕಾರ ಹೊಲ, ಕಾರ್ಖಾನೆ ವಶಪಡಿಸಿಕೊಂಡಿತು. ಸೊಪ್ಪಿನ ಕುಟುಂಬಗಳು ಡೊಮಿನಿಕನ್ ರಿಪಬ್ಲಿಕ್, ಹೊಂಡುರಾಸ್, ನಿಕರಾಗುವಾ ಕಡೆ ಚದುರಿದವು. ಹಾಗೆ ಹೊರಟವರಲ್ಲಿ ಹೊಸೆ ಒರ್ಲಾಂಡೊ ಪಾದ್ರೋನ್ ಒಬ್ಬರು. 1964ರಲ್ಲಿ ಮಯಾಮಿಯಲ್ಲಿ ಸಣ್ಣದಾಗಿ ಶುರು ಮಾಡಿ, ಮುಂದೆ ನಿಕರಾಗುವಾದ ಸೊಪ್ಪಿಗೆ ಹೋದರು. 30 ವರ್ಷ ತುಂಬಿದ ನೆನಪಿಗೆ 1994ರಲ್ಲಿ ಬಂದದ್ದು ಈ ಸರಣಿ. ಇದರ ಸೊಪ್ಪನ್ನು ಸುತ್ತುವ ಮೊದಲೇ 4 ವರ್ಷ ಮಾಗಿಸುತ್ತಾರೆ. ಅಂಗಡಿಯಿಂದ ತಂದ ದಿನವೇ ಹಚ್ಚಿದರೂ ಮೂಗಿಗೆ ಚುಚ್ಚುವುದಿಲ್ಲ. ಕೋಕೋ, ಹುರಿದ ಗೋಡಂಬಿ, ದುಂಡಗಿನ ಸಿಹಿ. ಕಾಯುವ ಕೆಲಸವನ್ನು ಮಾರುವವರೇ ಮಾಡಿದ್ದಾರೆ. ಪಾರ್ತಾಗಾಸ್ ಆ ಕೆಲಸದ ಒಂದು ಪಾಲನ್ನು ಕೊಂಡವರಿಗೆ ಬಿಡುತ್ತದೆ. ಡಿ 4ರ ನಡುವಿನ ಭಾಗದಲ್ಲಿ ಸಿಕ್ಕ ಆ ಮಣ್ಣಿನ ವಾಸನೆ ಪಾದ್ರೋನ್‌ನಲ್ಲಿ ನನಗೆ ಯಾವತ್ತೂ ಸಿಕ್ಕಿಲ್ಲ. ಆದರೆ ಒಂದು ಸಿಗಾರ್ ಕೊಂಡು ಇವತ್ತೇ ಸೇದುವವರಿಗೆ ನಾನು ಪಾದ್ರೋನ್ ಅನ್ನೇ ಹೇಳುತ್ತೇನೆ, ಯಾವ ಅನುಮಾನವೂ ಇಲ್ಲದೆ.

ಡಿ 4 ಕೊಳ್ಳುವವರು ಬಿಡಿಯಾಗಿ ಬೇಡ, ಪೆಟ್ಟಿಗೆ ಕೊಳ್ಳಿ. ಅಂಗಡಿಯವರಿಗೆ ಹೇಳಿ ಪೆಟ್ಟಿಗೆ ತಿರುಗಿಸಿ ತಳದ ಮುದ್ರೆ ನೋಡಿ. ನಾಲ್ಕು ವರ್ಷಕ್ಕಿಂತ ಹಳೆಯದು ಸಿಕ್ಕರೆ ತುಸು ಜಾಸ್ತಿ ಕೊಟ್ಟಾದರೂ ಅದನ್ನೇ ತನ್ನಿ. ಸಿಗದಿದ್ದರೆ ಹೊಸದನ್ನು ತಂದು 65 ಪರ್ಸೆಂಟಿನಲ್ಲಿ ಇಟ್ಟುಬಿಡಿ. ನನ್ನ ಪೆಟ್ಟಿಗೆಯಲ್ಲಿ ಉಳಿದವು ಇನ್ನೂ ಎರಡು ವರ್ಷ ಡಬ್ಬಿಯಲ್ಲೇ ಇರುತ್ತವೆ. ಆಗ ಅಮೋನಿಯಾ ಹೋಗಿ, ಮೊದಲ ಭಾಗದ ಘಾಟು ಇಳಿದಿದ್ದರೆ ಇಲ್ಲೇ ಮತ್ತೆ ಬರೆಯುತ್ತೇನೆ.